ಸೋಲಾರಿಗೆ ತೂಗಿದ ಬಂಗಡೆ

ಹಾರವಾಡ
೨೦-೫-೨೦೦೭

ಮುನಿಸಿಕೊಂಡು ಹಬ್ಬುವಾಡದ ಖೋಲಿಯಲ್ಲಿ ಕೂತವರಿಗೆ ನಿಮ್ಮ ಜಯಂತಿಯ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ಜಗಳಕ್ಕೇ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಕೋಲೆ ಬಸ್ಸಿನಲ್ಲಿ ನೀವು ಕಳಿಸಿದ ಪೊಟ್ಟಣ ಮುಟ್ಟಿತು. ಬಿಚ್ಚಿ ನೋಡಿದರೆ ಸ್ಟೀಲಿನ ಬೋಲ್ಟು, ವಾಶರು, ವಾಯರಿನ ತುದಿಗೆ ಹಾಕುವ ತವರ ಬಳಿದ ಲಗ್ಗು. ಒಂದು ಸಾಲು ಕಾಗದವಿಲ್ಲ. ಹೆಂಡತಿ ಹೇಗಿದ್ದಾಳೆ ಎಂದು ಕೇಳಲು ಕೈ ಬರಲಿಲ್ಲ, ಸೋಲಾರಿಗೆ ತುಕ್ಕು ಹಿಡಿದೀತೆಂಬ ಚಿಂತೆ ಮಾತ್ರ ಉಂಟು. ಮಾರಾಯ್ರೆ, ನಿಮಗೆ ಏನು ಹೇಳುವುದು?

ತುಕ್ಕು ಹಿಡಿದದ್ದು ನಿಜ. ಬಚ್ಚಲಿನ ಸ್ಲ್ಯಾಬಿನ ಮೇಲೆ ನೀವು ಕೂರಿಸಿದ ಸೋಲಾರಿನ ಚೌಕಟ್ಟಿಗೆ ಅತ್ತೆ ಉಪ್ಪು ಹಚ್ಚಿದ ಬಂಗಡೆ ತೂಗುಹಾಕುತ್ತಿದ್ದರಲ್ಲ, ಆ ಉಪ್ಪುನೀರು ಇಳಿದು ಅರ್ಥಿಂಗಿನ ಬೋಲ್ಟು ತಿಂದುಹೋಗಿದೆ. ತಾಮ್ರದ ವಾಯರು ತಾಗಿದಲ್ಲಿ ಅಲ್ಯೂಮಿನಿಯಂ ಬಿಳಿ ಹಿಟ್ಟಾಗಿ ಉದುರುತ್ತಿತ್ತು. ಮೊನ್ನೆ ಗಾಳಿಗೆ ವಾಯರೇ ಕಳಚಿ ಬಿತ್ತು. ನೀವು ಹೇಳಿದ್ದೆಲ್ಲ ಸರಿಯೇ. ಆದರೆ ಕೇರಿಯ ಹೆಂಗಸರ ಎದುರು ಹೆತ್ತ ಆಯಿಯ ಮೀನು ಕಿತ್ತು ಅಂಗಳಕ್ಕೆ ಎಸೆದದ್ದು ಸರಿಯಲ್ಲ. ನನಗಿಂತ ಆ ತಗಡು ಹೆಚ್ಚಾಯಿತೇ ಎಂದು ಅತ್ತೆ ಕೇಳಿದರು, ನೀವು ಚೀಲ ಎತ್ತಿಕೊಂಡು ಹೊರಟೇಬಿಟ್ಟಿರಿ.

ಈಗ ಅತ್ತೆ ಮರಳಿನ ಮೇಲೆ ಚಾಪೆ ಹಾಸಿ ಮೀನು ಒಣಗಿಸುತ್ತಾರೆ. ಕೋಲು ಹಿಡಿದು ಕಾಗೆ ಓಡಿಸುತ್ತ ಬಿಸಿಲಲ್ಲೇ ಕೂರುತ್ತಾರೆ. ಮೇಲೆ ಯಾಕೆ ಹಾಕುವುದಿಲ್ಲ ಎಂದು ಕೇಳಿದರೆ, "ಹತ್ತೂಕೆ ಮೊಣಕಾಲು ನೋವು" ಎನ್ನುತ್ತಾರೆ. ಊಟಕ್ಕೆ ಕೂತಾಗ ಮಾತ್ರ, "ಅಂವ ಉಂಡ್ನೊ ಏನೊ" ಎಂದು ತಟ್ಟೆ ನೋಡುತ್ತ ಉಳಿದುಬಿಡುತ್ತಾರೆ.

ಗುಡುಗು ಶುರುವಾಗಿದೆ. ಅರ್ಥಿಂಗ್ ಇಲ್ಲದ ಸೋಲಾರಿನ ಕೆಳಗೆ ಅವರು ಮೀಯಲು ಹೋದರೆ ನನ್ನ ಜೀವ ನಿಲ್ಲುವುದಿಲ್ಲ. ಈ ಬೋಲ್ಟು ಹಾಕುವುದು ನಮಗೆಲ್ಲಿ ಗೊತ್ತು? ಮಳೆಗೆ ಮುಂಚೆ ಒಮ್ಮೆ ಬಂದು ಹಾಕಿಕೊಡಿ. ಎರಡು ದಿನ ನಿಂತರೂ ಯಾರೂ ಓಡಿಸುವುದಿಲ್ಲ. ನೀವಿಲ್ಲದೆ ನನಗೆ ಅನ್ನ ಸೇರುತ್ತಿಲ್ಲ.

ಬಸ್ಸಿನ ಸದ್ದಿಗೆಲ್ಲ ಬಾಗಿಲಿಗೆ ಬರುವ
ಜಯಂತಿ

ತಾ.ಕ.: ನಿಮಗೆ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ, ಹೇಳಿಬಿಡುತ್ತೇನೆ. ಬೋಲ್ಟು ನಿನ್ನೆಯೇ ಹಾಕಿಯಾಯಿತು. ನಾನು ಕೆಳಗೆ ನಿಚ್ಚಣಿಕೆ ಹಿಡಿದಿದ್ದೆ. ಬಿಳಿ ಹಿಟ್ಟು ಉಜ್ಜಿ ತೆಗೆದು, ಲಗ್ಗು ಕೂರಿಸಿ, ಪಾನಾ ತಿರುಗಿಸಿ ಬಿಗಿ ಮಾಡಿದವರು ಅತ್ತೆಯೇ. ಇಳಿದು ಬಂದು ಕೈ ಒರೆಸಿಕೊಳ್ಳುತ್ತ ಹೇಳಿದರು, "ಹಾಕಾಯ್ತು ಹೇಳಿ ಬರೀಬ್ಯಾಡ. ಆಮೇಲೆ ಅಂವ ಬರೂದೇ ಇಲ್ಲ."