ಮೊದಲು ನಿಮ್ಮದು ತೋರಿಸಿ

ಗದಗ, ಫೆಬ್ರವರಿ ೩೦, ೨೧೯೧

ಮಾನ್ಯ ಪೂರ್ವಜರೇ,

ಮೊದಲಿಗೆ ತಪ್ಪೊಪ್ಪಿಗೆ. ಸಿದ್ರಾಮ ಅಸುಂಡಿ ಎಂಬ ನಾನು, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಈ ಕಾಗದ ಬರೆಯುವ ಮೂಲಕ ಅಪರಾಧವೊಂದನ್ನು ಎಸಗುತ್ತಿದ್ದೇನೆ. ಬಾಗಿಲು ತಟ್ಟಿ ‘ಮಾತಾಡಬಹುದೇ?’ ಎಂದು ಕೇಳದೆ ಯಾರಿಗಾದರೂ ಒಂದು ಸಾಲು ಕಳಿಸಿದರೂ ನಮ್ಮಲ್ಲಿ ಗುನ್ನೆ. ಶಿಕ್ಷೆಯೆಂದರೆ, ಅವರ ಓಣಿಯನ್ನು ವಾರವಿಡೀ ಗುಡಿಸುವುದು. ನಿಮ್ಮ ಬಾಗಿಲವರೆಗೆ ನನ್ನ ಕೈ ಚಾಚದು. ಪೊರಕೆ ಸಿದ್ಧವಿದೆ, ಓಣಿ ಯಾವುದೆಂದು ತಿಳಿಸಿ. ತಾರೀಖು ನೋಡಿ ಗಾಬರಿಯಾಗಬೇಡಿ. ಪಾಪ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಅದರ ಹಳೆಯ ಮುನಿಸು ತೀರಿಸಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಜನರ ಬೆನ್ನಿಗೆ ಬಿಟ್ಟ ಬೇಹುಗಾರನಿಗೆ ‘ಕುಕಿ’ ಎಂದು ಬಿಸ್ಕತ್ತಿನ ಹೆಸರಿಟ್ಟ ನಿಮಗೆ ಆ ಔದಾರ್ಯ ಇದ್ದೇ ಇರುತ್ತದೆ.

ನಾನು ಕಾಲೇಜಿನಲ್ಲಿ ‘ಒಪ್ಪಿಗೆಯ ಇತಿಹಾಸ’ ಪಾಠ ಮಾಡುವವನು. ನಿಮ್ಮ ಕಾಲದ ಪಾಠ ಬಂತೆಂದರೆ ಹುಡುಗರು ತರಗತಿ ತಪ್ಪಿಸುವುದಿಲ್ಲ. ಕತ್ತಲಲ್ಲಿ ಬೆಳಕು ಕೊಡಲು ಬಂದ ಬ್ಯಾಟರಿ ಆ್ಯಪು ಬಂಧುಬಳಗದ ನಂಬರೆಲ್ಲ ಕೇಳಿದರೆ, ‘ತಗೋಪ್ಪಾ’ ಎಂದು ಕೊಟ್ಟವರು ನೀವು. ಜಾಲದಲ್ಲಿ ಏನೋ ಹುಡುಕಲು ಹೋದಿರಿ, ಜಾಲದವರು ನಿಮ್ಮನ್ನೇ ಜಾಲಾಡಿದರು. ಸರ್ಕಾರ ನಿಮ್ಮ ಮೇಲೆ ಕಣ್ಣಿಟ್ಟಿತು, ಕಂಪನಿ ನಿಮ್ಮ ಮೇಲೆ ಕಣ್ಣು ಹಾಕಿತು, ನೀವು ಮಾತ್ರ ಕಣ್ಣುಮುಚ್ಚಿ ಒಪ್ಪಿದಿರಿ. ಇಷ್ಟು ಹೇಳಿ ಹುಡುಗರು ನಕ್ಕ ಮೇಲೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಮುಖ ನೋಡದವರ ಒಂದು ಸಾಲು ನಂಬಿ, ಅರ್ಧ ಊಟ ಬಿಟ್ಟು, ರಕ್ತ ಕೊಡಲು ಆಸ್ಪತ್ರೆಗೆ ಓಡಿದವರೂ ನೀವೇ. ಅಷ್ಟು ಮೋಸ ಹೋದ ಮೇಲೂ ನಂಬುವುದನ್ನು ಮರೆಯಲಿಲ್ಲ. ಜೊತೆಗೆ ನಿಮ್ಮಲ್ಲಿ ಕೆಲವರು ಎದ್ದು ನಿಂತು ‘ನನ್ನದು ನಿಮಗ್ಯಾಕ್ರೀ?’ ಎಂದು ಕೇಳಿದರು. ಕೇಳಿದವರನ್ನು ತಲೆಹರಟೆಗಳೆಂದರು. ಆ ತಲೆಹರಟೆಯ ಮೊಮ್ಮಕ್ಕಳು ನಾವು.

ನಮ್ಮ ಪದ್ಧತಿಗೆ ‘ಎದುರುನೋಟ’ ಎಂದು ಹೆಸರು. ನಿಮ್ಮದೇನನ್ನಾದರೂ ನೋಡಬೇಕೆಂದವರು ಖುದ್ದಾಗಿ ನಿಮ್ಮ ಜಗಲಿಗೆ ಬಂದು, ಮೊದಲು ತಮ್ಮದೇ ಅಂಥದ್ದನ್ನು ತೋರಿಸಬೇಕು. ನಿಮ್ಮ ಮನೆಯ ನೀರಿನ ಲೆಕ್ಕ ಕೇಳುವ ಅಧಿಕಾರಿ ತನ್ನ ಸ್ನಾನದ ಲೆಕ್ಕ ಒಪ್ಪಿಸಬೇಕು. ನೀವು ಎಲ್ಲೆಲ್ಲಿ ಅಡ್ಡಾಡಿದಿರಿ ಎಂದು ತಿಳಿಯಬಯಸುವ ಚಪ್ಪಲಿ ಕಂಪನಿಯ ಮಾಲೀಕ ತಾನು ಎಲ್ಲೆಲ್ಲಿ ಚಪ್ಪಲಿ ಬಿಟ್ಟೆನೆಂದು ಹೇಳಬೇಕು. ಹೀಗಾಗಿ ಕುತೂಹಲವೆಂಬ ರೋಗ ನಮ್ಮ ಕಚೇರಿಗಳಲ್ಲಿ ಬಹುಮಟ್ಟಿಗೆ ವಾಸಿಯಾಗಿದೆ. ಬಂದವರು ತೋರಿಸಿದ್ದನ್ನು ಓಣಿಯ ಎದುರು ಗಟ್ಟಿಯಾಗಿ ಓದಲು ಒಬ್ಬ ‘ಓದಾಳು’ ಇರುತ್ತಾನೆ. ನಮ್ಮ ಓಣಿಗೆ ಆ ಆಳು ನಾನೇ. ಹೆಮ್ಮೆಯಿಂದ ಹೇಳುತ್ತೇನೆ, ಒಂದಕ್ಷರ ಬಿಟ್ಟವನಲ್ಲ. ಅಲ್ಪವಿರಾಮ ಬಂದರೂ ಅದಕ್ಕೆ ಪೂರ್ಣ ಮರ್ಯಾದೆ ಕೊಟ್ಟು ನಿಲ್ಲುತ್ತೇನೆ. ಓದದೆ ಒಪ್ಪಿದ ನಿಮ್ಮ ಯುಗದ ಪಾಪಕ್ಕೆ ನಾನೇ ಪ್ರಾಯಶ್ಚಿತ್ತ ಎಂದು ಮಡದಿಯ ಎದುರು ಒಮ್ಮೆ ಅಂದಿದ್ದೂ ಉಂಟು.

ಹೋದ ತಿಂಗಳು ಖಾನಾವಳಿಯ ನಿಂಬೆವ್ವನ ಜಗಲಿಗೆ ತನಿಖಾ ಕಚೇರಿಯ ಅಂದಾನಪ್ಪ ಲಕ್ಕುಂಡಿ ಬಂದರು. ನಿಂಬೆವ್ವನ ತಂಗಿಯ ಮಗಳು ಶಾಂಭವಿ, ಹೊಡೆಯುವ ಗಂಡನನ್ನು ಬಿಟ್ಟು ಬೇರೆ ಊರಿನಲ್ಲಿ ಅಡಗಿದ್ದಳು. ಎಲ್ಲಿ ಎಂಬುದು ನಿಂಬೆವ್ವನಿಗೆ ಗೊತ್ತು. ಅಲ್ಲಿನ ಶಾಲೆಯಲ್ಲಿ ಅವಳ ಕೆಲಸಕ್ಕೆ ಶಿಫಾರಸು ಬರೆದವನು ನಾನಾದ್ದರಿಂದ ನನಗೂ ಗೊತ್ತು. ಗಂಡನಿಗೆ ತಿಳಿದರೆ ಹುಡುಗಿಯ ಜೀವಕ್ಕೇ ಕುತ್ತು. ಅಂದಾನಪ್ಪನವರು ಯಾವುದೋ ಗುನ್ನೆಯ ತನಿಖೆ ಎಂದು ಚೀಟಿ ಹಿಡಿದು, ನಿಂಬೆವ್ವನ ಸಂದೇಶಗಳನ್ನು ನೋಡಬೇಕೆಂದರು.

“ಬರ್ರಿ ಸಾಹೇಬ್ರ, ಕುಂದರ್ರಿ,” ಎಂದಳು ನಿಂಬೆವ್ವ. “ನಂದು ನೋಡಾಕ ಬಂದೀರಿ, ಸಂತೋಷ. ಮೊದಲ ನಿಮ್ದು ತೋರಸ್ರಿ.”

“ತೋರಸ್ತೀನವ್ವಾ. ಆದ್ರ ನಮ್ಮನಿಯಾಕಿ ಬೈದಿದ್ದ ಭಾಳ ಐತಿ.”

“ಇರ್ಲಿ ಬಿಡ್ರಿ. ನಮಗೂ ಮಧ್ಯಾಹ್ನ ಹೊತ್ತು ಹೋಗೂದಿಲ್ಲ.”

ನಾನು ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ‘ಉಪ್ಪು ತರ್ರಿ ಅಂದ್ರ ತುಪ್ಪ ತಂದೀರಿ, ನಿಮ್ಮ ಕಿವಿ ಯಾವ ಕಚೇರಿಯಾಗ ಬಿಟ್ಟು ಬಂದೀರಿ?’ ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅಂದಾನಪ್ಪನವರೂ ನಕ್ಕರು. ಮುಂದಿನ ಸಾಲು ಶಾಂಭವಿಯ ಗಂಡನದು. ‘ಮಾಮಾ, ಆಕಿ ಎಲ್ಲಿ ಅದಾಳ ಅಷ್ಟ ಹೇಳ್ರಿ ಸಾಕು. ಉಳಿದದ್ದು ನಾ ನೋಡ್ಕೋತೀನಿ.’

ನಗು ನಿಂತಿತು. ನನ್ನ ದನಿಯೂ ನಿಂತಿತು.

“ನಿಲ್ಲಿಸಬ್ಯಾಡ್ರಿ ಮಾಸ್ತರ,” ಎಂದರು ಅಂದಾನಪ್ಪ, ತಲೆ ಎತ್ತದೆ. “ನಾ ಏನ್ ಉತ್ತರಾ ಕೊಟ್ಟೀನಿ, ಅದನ್ನೂ ಓದ್ರಿ.”

‘ಆಗ್ಲಿ ಅಳಿಯಾ’ ಎಂದಿತ್ತು ಉತ್ತರ. ಅವರು ಎದ್ದು ನಿಂತು ಚೀಟಿ ಹರಿದರು. “ಅಕ್ಕನ ಮಗ ಅಂತ ಹೂಂ ಅಂದೆ ಅವ್ವಾ. ಗುನ್ನೆ ಗಿನ್ನೆ ಎಲ್ಲಾ ಸುಳ್ಳ. ನಾ ಏನೂ ನೋಡೂದಿಲ್ಲ. ಆ ಮಗನ ಮ್ಯಾಲೆ ನಾನ ತಕರಾರು ಬರೀತೀನಿ.”

“ಚಾ ಆರತೈತಿ,” ಎಂದಳು ನಿಂಬೆವ್ವ, “ಕುಡದು ಹೋಗ್ರಿ.”

ಆ ಸಾಲು ಅಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಕಚೇರಿಯಲ್ಲೇ ಕುಳಿತು ಅರ್ಜಿ ಹಿಂದಕ್ಕೆ ಪಡೆಯಬಹುದಿತ್ತು. ಓಣಿಯ ಎದುರು ಓದಿಸಿಕೊಳ್ಳಲೆಂದೇ ಬಂದರೇನೋ ಎಂದು ನನಗೆ ಈಗಲೂ ಅನಿಸುತ್ತದೆ. ನಮ್ಮ ಪದ್ಧತಿ ದೊಡ್ಡದೋ ಆ ಮನುಷ್ಯ ದೊಡ್ಡವನೋ ನಾನರಿಯೆ. ಅವತ್ತು ಇಬ್ಬರಿಗೂ ಕೈ ಮುಗಿದೆ.

ಕೊನೆಗೊಂದು ಬೇಡಿಕೆ. ‘ಒಪ್ಪಿದೆ’ ಎಂದು ಒತ್ತುವ ಮುನ್ನ ಓದಿ. ‘ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?’ ಎಂಬುದು ನಿಮ್ಮ ಕಾಲದ ಜನಪ್ರಿಯ ಮಾತಂತೆ. ನಿಮ್ಮ ಫೋನಿನಲ್ಲಿ ನೀವೊಬ್ಬರೇ ಇಲ್ಲ. ನಿಮ್ಮನ್ನು ನಂಬಿ ಗುಟ್ಟು ಹೇಳಿದವರೆಲ್ಲ ಅಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ನೀವು ಒಪ್ಪಿದಿರೆಂದರೆ ಅವರನ್ನೂ ಒಪ್ಪಿಸಿದಿರಿ.

ಇದು ನನಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತೆಂದು ಕೇಳುತ್ತೀರಿ. ಹೇಳಲು ನಾಚಿಕೆ. ಈ ಕಾಗದವನ್ನು ಒಯ್ಯುತ್ತಿರುವುದು ‘ಹಿನ್ನಡೆ ಅಂಚೆ’ ಎಂಬ ಹೊಸ ಕಂಪನಿ. ಯಾವ ಕಾಲಕ್ಕೂ ಸೇರದ ವ್ಯವಹಾರವಾದ್ದರಿಂದ ನಮ್ಮ ಜಗಲಿಯ ಕಾನೂನು ಅದನ್ನಿನ್ನೂ ಮುಟ್ಟಿಲ್ಲ. ಸೇವೆ ಉಚಿತ. ಬರೆಯುವ ಮೊದಲು ಪುಟಗಟ್ಟಲೆ ಷರತ್ತು ತೋರಿಸಿತು, ಕೆಳಗೆ ಹಸಿರು ಗುಂಡಿ. ನಿಮಗೆ ಬುದ್ಧಿ ಹೇಳುವ ಅವಸರದಲ್ಲಿದ್ದೆ. ಒತ್ತಿದೆ. ಒತ್ತಿದ ಮೇಲೆ ಬಂದ ರಸೀದಿ ಹೇಳಿತು, ನನ್ನ ಸಂದೇಶಗಳೆಲ್ಲ ಇನ್ನು ಕೇಳಿದವರಿಗೆ ಸಿಗುತ್ತವೆ, ಶಾಂಭವಿಯ ವಿಳಾಸವೂ ಸೇರಿ.

ಹೋಗಿ ನಿಂಬೆವ್ವನಿಗೆ ಹೇಳಿದೆ. ಅವಳು ರೊಟ್ಟಿಯ ಕೈ ಒರೆಸಿಕೊಂಡು ಷರತ್ತು ತರಿಸಿ ನೋಡಿ, “ಮೊದಲನೇ ಸಾಲಿನಾಗ ಐತಲ್ರೀ ಮಾಸ್ತರ!” ಎಂದಳು. ಶಾಂಭವಿ ಈಗ ಮತ್ತೆ ಗಂಟುಮೂಟೆ ಕಟ್ಟುತ್ತಿದ್ದಾಳೆ. ಸಾಮಾನು ಸಾಗಿಸಲು ಬರಲೇ ಎಂದು ನಿಂಬೆವ್ವನ ಫೋನಿನಿಂದಲೇ ಕೇಳಿದೆ.

“ಬ್ಯಾಡ್ರಿ ಸರ್,” ಎಂದಳು. “ಯಾವ ಊರಿಗೆ ಅಂತ ನಿಮಗ ಹೇಳೂದಿಲ್ಲ. ಬ್ಯಾಸರಾ ಮಾಡ್ಕೋಬ್ಯಾಡ್ರಿ.”

ಇಂತಿ ನಿಮ್ಮ,
ಸಿದ್ರಾಮ ಅಸುಂಡಿ
ಮಾಜಿ ಓದಾಳು