ಕಾಲುವೆ ಬೀದಿಯ ಕೂಗದ ಕಂಬ

ನಗರಸಭೆಯ ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ಮಾನ್ಯರೇ,

ಕಾಲುವೆ ಬೀದಿಯ ಮೂಲೆಯ ಕಂಬದ ಮೇಲಿರುವ ನೆರೆ ಸೈರನ್ ಸತ್ತುಹೋಗಿದೆ. ಅದರ ತಂತಿ ಕತ್ತರಿಸಲು ಹೇಳಿದವರು ನೀವು. ಕತ್ತರಿಸಿದ್ದೇವೆಂದು ಆ ಬೀದಿಯವರಿಗೆ ಹೇಳದೆ ಬಿಟ್ಟವರೂ ನೀವೇ. ನನ್ನ ದೂರು ಇಷ್ಟೇ. ಇದನ್ನೇ ಬರೆದು ಕೊಟ್ಟಾಗ ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೂತವರು ವಿವರವಾಗಿ ಬರೆದುಕೊಂಡು ಬನ್ನಿ ಅಂದರು. ವಿವರವಾಗಿ ಬರೆದುಕೊಂಡು ಹೋದರೆ, ಇಷ್ಟುದ್ದ ಯಾರು ಓದುತ್ತಾರೆ ಅಂದರು. ಹಾಗಾಗಿ ಪತ್ರಿಕೆಗೆ ಕಳಿಸುತ್ತಿದ್ದೇನೆ. ನೀವು ಬೆಳಗಿನ ಚಹಾದ ಜೊತೆ ಪತ್ರಿಕೆ ಓದುತ್ತೀರಂತೆ.

ನನ್ನ ಓದು ಹರಕುಮುರುಕು. ಅಮ್ಮ ಹೆತ್ತಾಗಲೆಲ್ಲ ಶಾಲೆ ಬಿಡುತ್ತಿದ್ದೆ, ಅವಳು ಎದ್ದು ಓಡಾಡುವಂತಾದ ಮೇಲೆ ಮತ್ತೆ ಸೇರುತ್ತಿದ್ದೆ. ಹೀಗಾಗಿ ನನಗೆ ಕೂಡುವುದು ಗೊತ್ತು, ಭಾಗಿಸುವುದು ಗೊತ್ತಿಲ್ಲ. ಸಾಲದ್ದಕ್ಕೆ ನಾನು ಗಾಬರಿಯ ಹೆಂಗಸು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡಿ ಬರುವವಳು. ಬೀದಿಯಲ್ಲಿ ನನಗೆ ಗಾಬರಿ ಅಕ್ಕ ಎಂದೇ ಹೆಸರು. ಈಗಲೂ ಒಂದು ಕಡೆ, ಲಾಂಡ್ರಿಯ ಮಾಲೀಕರು ಇದನ್ನು ಓದಿ ನನ್ನನ್ನು ಕೆಲಸದಿಂದ ತೆಗೆದರೆ ಎಂಬ ಹೆದರಿಕೆ. ಇನ್ನೊಂದು ಕಡೆ, ನೀವು ಓದದೇ ಹೋದರೆ ಎಂಬ ಹೆದರಿಕೆ. ಎರಡನೆಯದು ದೊಡ್ಡದಾಗಿರುವುದರಿಂದ ಬರೆಯುತ್ತಿದ್ದೇನೆ.

ನಿಮ್ಮ ನಿರ್ಣಯವನ್ನು ನಾನು ಬಾಯಿಪಾಠ ಮಾಡಿದ್ದೇನೆ. ನಮ್ಮ ಲಾಂಡ್ರಿಯ ಗೇಟಿಗೆ ಅದನ್ನು ಅಂಟಿಸಿದ್ದರು. ನಮ್ಮ ಬಾಯ್ಲರ್ ಉರಿಯುವುದೂ ಕಲ್ಲಿದ್ದಲಿನಿಂದ ತಾನೇ? ಅದರಲ್ಲಿ ಹೀಗಿತ್ತು: ದೂರದ ಯಾವುದೋ ಪಟ್ಟಣದಲ್ಲಿ ನೂರಾರು ದೇಶದವರು ಸೇರಿ ಹವಾಮಾನ ಕೆಡದಂತೆ ಹೊಗೆ ಕಡಿಮೆ ಮಾಡೋಣ ಎಂದು ಮಾಡಿಕೊಂಡ ಒಪ್ಪಂದ ನಮ್ಮ ಊರಿಗೆ ಬೇಡ. ನಮ್ಮ ಊರಿನ ಬೆಂಕಿ ಎಷ್ಟು ಉರಿಯಬೇಕೆಂದು ಹೊರಗಿನವರು ಹೇಳತಕ್ಕದ್ದಲ್ಲ. ಸದರಿ ಒಪ್ಪಂದದ ಅಡಿಯಲ್ಲಿ ಬಂದ ಯಾವುದೇ ನೆರವು, ಉಪಕರಣ, ಸಲಹೆಯನ್ನು ನಗರಸಭೆ ಬಳಸತಕ್ಕದ್ದಲ್ಲ. ನೀವು ಇದನ್ನು ಓದಿದ ದಿನ ಸಭಾಂಗಣದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ನನ್ನ ಅಣ್ಣ ಮನೆಯಲ್ಲಿ ರೇಡಿಯೋ ಕೇಳುತ್ತಾ ಮಂಚದ ಮೇಲೆ ಕೂತೇ ಚಪ್ಪಾಳೆ ತಟ್ಟಿದ. ಅವನಿಗೆ ಎದ್ದು ನಿಲ್ಲಲು ಆಗುವುದಿಲ್ಲ.

ಅಣ್ಣ ನಿಮ್ಮ ಕಲ್ಲಿದ್ದಲು ಯಾರ್ಡಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಒಂದು ದಿನ ಏಣಿಯಿಂದ ಜಾರಿ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಯಾರ್ಡಿನ ಮೇಲೆ ಅವನಿಗೆ ಒಂದಿಷ್ಟೂ ಸಿಟ್ಟಿಲ್ಲ. ಅದು ಮುಚ್ಚಿದರೆ ಅರ್ಧ ಊರು ಏನು ತಿನ್ನಬೇಕು ಎಂದು ನನ್ನನ್ನೇ ಕೇಳುತ್ತಾನೆ. ಆ ಒಪ್ಪಂದ ಸರಿಯೋ ತಪ್ಪೋ ನಾನು ಹೇಳಲಾರೆ, ನಾನದನ್ನು ಓದಿಲ್ಲ. ನೀವು ಓದಿದ್ದೀರಲ್ಲವೇ? ಪೂರ್ತಿ? ಬೇಜಾರು ಮಾಡಿಕೊಳ್ಳಬೇಡಿ, ಸುಮ್ಮನೆ ಕೇಳಿದೆ. ನನಗೆ ಗೊತ್ತಿರುವುದು ಒಂದೇ. ನಾನು ಚಿಕ್ಕವಳಿದ್ದಾಗ ಕಾಲುವೆಯ ನೀರು ಬೀದಿಗೆ ಬಂದಿದ್ದು ನೆನಪಿಲ್ಲ. ಈಗ ಮಳೆಗಾಲ ಬಂತೆಂದರೆ ಅದೂ ಬರುತ್ತದೆ, ಮೊದಲು ಹೊಸ್ತಿಲು, ಆಮೇಲೆ ಒಳಗೆ.

ಆ ಒಪ್ಪಂದದ ಅಡಿಯಲ್ಲೇ ನಮ್ಮ ಬೀದಿಗೆ ಆ ಕಂಬ ಬಂದದ್ದು. ಕಾಲುವೆಯಲ್ಲಿ ನೀರು ಅಪಾಯದ ಗೆರೆ ಮುಟ್ಟಿದರೆ ತಾನೇ ಕೂಗುವ ಸೈರನ್. ಪ್ರತಿ ತಿಂಗಳ ಮೊದಲ ಸೋಮವಾರ ಪರೀಕ್ಷೆಗೆಂದು ಕೂಗುತ್ತಿತ್ತು, ಇಡೀ ಬೀದಿ ಕಿವಿ ಮುಚ್ಚಿಕೊಂಡು ಬೈಯುತ್ತಿತ್ತು. ನಾನೊಬ್ಬಳು ಬೈಯಲಿಲ್ಲ. ಕಂಬ ನಿಲ್ಲಿಸಿದ ದಿನ ಅಣ್ಣ ಕಿಟಕಿಯಿಂದ ನೋಡಿ, "ಪುಟ್ಟೀ, ನಿನಗೊಬ್ಬಳು ತಂಗಿ ಹುಟ್ಟಿದಳು ನೋಡು. ನಿನ್ನ ಹಾಗೇ, ಮಳೆ ಬಂದರೆ ಬಾಯಿ ಬಡ್ಕೊಳ್ಳೋಳು" ಅಂದ. ಅವತ್ತಿನಿಂದ ನಾನು ಕಂಬದ ಅಕ್ಕ. ನೀವು ನಗಬಹುದು, ನಾವೂ ನಕ್ಕೆವು. ಆದರೆ ಮಾನ್ಯರೇ, ನಾನು ನನ್ನ ಜೀವಮಾನದಲ್ಲಿ ನೆಮ್ಮದಿಯಿಂದ ಇದ್ದದ್ದು ಆ ಕಂಬ ಕೂಗುತ್ತಿದ್ದ ಕಾಲದಲ್ಲಿ ಮಾತ್ರ. ನನ್ನ ಚಿಂತೆಯನ್ನು ಇನ್ನೊಬ್ಬರು ಮಾಡುತ್ತಿದ್ದಾರೆ ಅಂದರೆ ಎಷ್ಟು ಹಗುರವಾಗುತ್ತದೆ ಎಂಬುದು ನಿಮಗೆ ತಿಳಿದೇ ಇರುತ್ತದೆ. ನಿಮ್ಮ ಚಿಂತೆ ಮಾಡಲು ಒಂದು ಕಚೇರಿಯೇ ಇದೆ.

ಕಂಬವನ್ನು ನಂಬಿ ನಾವು ಒಂದು ಏರ್ಪಾಟು ಮಾಡಿಕೊಂಡಿದ್ದೆವು. ನಾವಿರುವುದು ಕೆಳಮನೆ, ಮೇಲೆ ದರ್ಜಿಯ ಸಂಸಾರ. ಸೈರನ್ ಕೂಗಿದ ತಕ್ಷಣ ದರ್ಜಿ ಮತ್ತು ಅವನ ಹೆಂಡತಿ ಇಳಿದು ಬಂದು ಅಣ್ಣನನ್ನು ಕುರ್ಚಿ ಸಮೇತ ಮೇಲಕ್ಕೆ ಒಯ್ಯುವುದು. ಲಾಂಡ್ರಿಯಲ್ಲಿ ನಮ್ಮ ಮೇಸ್ತ್ರಿಯೂ ಒಪ್ಪಿದ್ದರು: ಸೈರನ್ ಕೂಗಿದರೆ ಕೇಳದೇ ಹೋಗು, ಕೂಗದಿದ್ದರೆ ಹೋಗಲಾ ಎಂದು ಕೇಳಬೇಡ. ಇಸ್ತ್ರಿ ಯಂತ್ರದ ಗದ್ದಲದಲ್ಲಿ ಪಕ್ಕದವರು ಅತ್ತರೂ ಕೇಳಿಸುವುದಿಲ್ಲ, ಆದರೆ ಆ ಕೂಗು ಕೇಳಿಸುತ್ತಿತ್ತು.

ನಿರ್ಣಯವಾದ ಮೇಲೆ ಮೊದಲ ಸೋಮವಾರ ಬಂತು, ಹೋಯಿತು. ಕಂಬ ಕೂಗಲಿಲ್ಲ. ಬೀದಿಯವರು ಸದ್ಯ ಕಿರಿಕಿರಿ ತಪ್ಪಿತು ಅಂದರು. ನಾನು ನಿಮ್ಮ ಕಚೇರಿಗೆ ಹೋಗಿ ಕೇಳಿದೆ. ಪರೀಕ್ಷೆ ಮಾತ್ರ ನಿಲ್ಲಿಸಿದ್ದೇವೆ ಅಂದರು. ಮಾತ್ರ ಅಂದರು. ಆ ಪದವನ್ನು ನಾನು ಮರೆಯಲಾರೆ. ಮನೆಗೆ ಬಂದು ಹೇಳಿದರೆ ಅಣ್ಣ, ನಿನಗೆ ಚಿಂತೆ ಮಾಡೋಕೆ ಬೇರೇನೂ ಸಿಗಲಿಲ್ಲವಾ ಎಂದು ನಕ್ಕ.

ನೀರು ಬಂದದ್ದು ಮಧ್ಯಾಹ್ನ. ಎರಡು ದಿನದಿಂದ ಬಿಡದೆ ಸುರಿಯುತ್ತಿತ್ತು. ಲಾಂಡ್ರಿಯಲ್ಲಿ ನಾವು ಇಬ್ಬಿಬ್ಬರು ಒದ್ದೆ ಬೆಡ್‌ಶೀಟಿನ ಎರಡೆರಡು ತುದಿ ಹಿಡಿದು ರೋಲರಿಗೆ ಕೊಡುತ್ತಿದ್ದೆವು. ನನ್ನ ಕಿವಿ ಹೊರಗಡೆಗೇ ಇತ್ತು. ಏನೋ ಸರಿಯಿಲ್ಲ ಕಣೇ ಎಂದು ಎದುರಿಗಿದ್ದವಳಿಗೆ ಮತ್ತೆ ಮತ್ತೆ ಹೇಳಿದೆ. ಅವಳು, "ಕೂಗಿಲ್ಲ ಅಂದ್ರೆ ಏನೂ ಇಲ್ಲ ಅಂತ ಅರ್ಥ ಅಕ್ಕ. ಆ ತುದಿ ಸರಿಯಾಗಿ ಹಿಡ್ಕೋ, ಸುಕ್ಕಾಗ್ತಿದೆ" ಅಂದಳು. ಅವಳ ತಪ್ಪೇನಿದೆ? ಕೂಗಿಲ್ಲ ಅಂದರೆ ಏನೂ ಇಲ್ಲ ಎಂದು ನಮಗೆಲ್ಲ ಕಲಿಸಿದ್ದೇ ಆ ಕಂಬ. ಮೇಸ್ತ್ರಿಯನ್ನು ಕೇಳೋಣವೆಂದರೆ ಕೇಳಬಾರದೆಂಬ ಕರಾರು. ನಾನು ತುದಿ ಹಿಡಿದುಕೊಂಡು ನಿಂತೆ.

ಮನೆಯಲ್ಲಿ ನೀರು ಮೊದಲು ಬಚ್ಚಲಿನ ತೂತಿನಿಂದ ಮೇಲೆ ಬಂತಂತೆ. ಆಮೇಲೆ ಬಾಗಿಲ ಸಂದಿಯಿಂದ. ನನ್ನ ಹಳೇ ಚಪ್ಪಲಿ ತೇಲಿಕೊಂಡು ಮಂಚದ ಹತ್ತಿರ ಬಂದದ್ದು ನೋಡಿ ಅಣ್ಣನಿಗೆ ನಗು ಬಂತಂತೆ. ಒಮ್ಮೆ ದರ್ಜಿಯನ್ನು ಕರೆದ. ದರ್ಜಿ ಹೊಲಿಗೆ ನಿಲ್ಲಿಸಿ, ಮೇಲಿನ ಮೆಟ್ಟಿಲಿಂದ ಬೀದಿ ನೋಡಿದ, ಕಂಬ ನೋಡಿದ. "ಸೈರನ್ ಕೂಗಿಲ್ಲವಲ್ಲಣ್ಣ, ಚರಂಡಿ ಕಟ್ಕೊಂಡಿರಬೇಕು. ಈಗ ಇಳಿಯುತ್ತೆ ಬಿಡು" ಎಂದು ಮತ್ತೆ ಮೆಷಿನ್ ತುಳಿಯಲು ಕೂತ. ಅಣ್ಣನೂ ಹೌದಲ್ಲ ಎಂದುಕೊಂಡ. ಇಬ್ಬರೂ ಒಳ್ಳೆಯವರು ಮಾನ್ಯರೇ, ಇಬ್ಬರೂ ನಿಮ್ಮನ್ನು ನಂಬಿದವರು. ಸ್ವಲ್ಪ ಹೊತ್ತಾದ ಮೇಲೆ ದರ್ಜಿಯ ಹೆಂಡತಿ ಇಣುಕಿ ನೋಡಿ ಕಿರುಚಿದಾಗ ನೀರು ಮಂಚದ ಮೇಲಿತ್ತು. ಕಪಾಟು ತೇಲಿ ಬಂದು ಬಾಗಿಲಿಗೆ ಅಡ್ಡ ಬಿದ್ದಿತ್ತು. ಗಂಡ ಹೆಂಡತಿ ಎದೆಮಟ್ಟದ ನೀರಿನಲ್ಲಿ ನಿಂತು ಹೇಗೋ ಬಾಗಿಲು ದೂಡಿ ಒಳಗೆ ಹೋದಾಗ ಅಣ್ಣ ಕಿಟಕಿಯ ಸರಳು ಹಿಡಿದು ನೇತಾಡುತ್ತಿದ್ದ. ಕ್ರೇನ್ ನಡೆಸಿದ ಕೈಗಳು, ಅದಕ್ಕೇ ಉಳಿದ.

ನಾನು ಲಾಂಡ್ರಿ ಬಿಡುವ ಹೊತ್ತಿಗೆ ಬಿಟ್ಟು, ಬೀದಿಯ ತುದಿಗೆ ಬಂದು ನೀರು ಕಂಡು, ಹೇಗೆ ದಾಟಿ ಬಂದೆನೋ ಗೊತ್ತಿಲ್ಲ. ಮೇಲಿನ ಮನೆಯಲ್ಲಿ, ಯಾರೋ ಕೋಟು ಹೊಲಿಯಲು ಕೊಟ್ಟಿದ್ದ, ಇನ್ನೂ ಕತ್ತರಿಸದ ಬಟ್ಟೆಯಲ್ಲಿ ಅಣ್ಣನನ್ನು ಸುತ್ತಿ ಕೂರಿಸಿದ್ದರು. ಹಲ್ಲು ಕಟಕಟ ಅನ್ನುತ್ತಿತ್ತು. ನನ್ನನ್ನು ನೋಡಿದವನೇ, "ಇಷ್ಟು ನೀರಲ್ಲಿ ಯಾಕೆ ಬಂದೆ ಪುಟ್ಟೀ? ಸೈರನ್ ಕೂಗಿಲ್ಲವಲ್ಲ" ಅಂದ.

ಮೊದಲೇ ಜೋರಾಗಿ ಯಾಕೆ ಕೂಗಲಿಲ್ಲ ಅಣ್ಣಾ ಎಂದು ಕೇಳಿದೆ. "ನಾನ್ಯಾಕೆ ಕೂಗಲಿ? ಕೂಗೋಕೆ ಅವರು ಕಂಬ ಹಾಕಿದ್ದಾರಲ್ಲ" ಅಂದ.

ನೀರಿಳಿದ ಮೇಲೆ ವಿದ್ಯುತ್ ಇಲಾಖೆಯ ಲೈನ್‌ಮನ್ ಕಂಬದ ಪೆಟ್ಟಿಗೆ ತೆಗೆದು ತೋರಿಸಿದ. ತಂತಿ ಕತ್ತರಿಸಿ, ತುದಿಗಳಿಗೆ ಅಚ್ಚುಕಟ್ಟಾಗಿ ಟೇಪು ಸುತ್ತಿದ್ದರು, ಯಾರಿಗೂ ಕರೆಂಟು ಹೊಡೆಯಬಾರದೆಂದು. ಎಷ್ಟು ಕಾಳಜಿ ನಿಮಗೆ. ಆ ಟೇಪಿನ ಒಂದು ತುಂಡಿನಷ್ಟು ಕಾಳಜಿಯಲ್ಲಿ ಒಂದು ಚೀಟಿ ಬರೆದು ಕಂಬಕ್ಕೆ ಅಂಟಿಸಬಹುದಿತ್ತು: ಇದು ಇನ್ನು ಕೂಗುವುದಿಲ್ಲ, ನಿಮ್ಮ ಜೀವ ನೀವು ನೋಡಿಕೊಳ್ಳಿ. ನಿರ್ಣಯದ ಕೊನೆಯಲ್ಲಿ ಪ್ರತಿಗಳು ಎಂದು ಬರೆದು ಯಾರು ಯಾರಿಗೋ ಕಳಿಸಿದ್ದೀರಿ. ಮಂತ್ರಿಗಳಿಗೆ, ಪತ್ರಿಕೆಗಳಿಗೆ, ಒಪ್ಪಂದ ಮಾಡಿದವರಿಗೂ ಒಂದು. ಅವರ ಕೂದಲೂ ಕೊಂಕಲಿಲ್ಲ. ಅವರ ಊರಿನ ಯಾವ ತಂತಿಯೂ ನಿಮ್ಮ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ನಮ್ಮ ಬೀದಿಯದು. ಇಡೀ ಪ್ರಪಂಚದ ಮೇಲೆ ಯುದ್ಧ ಸಾರಿ, ಕೊನೆಗೆ ಮಂಚದಿಂದ ಏಳಲಾಗದ, ನಿಮಗೇ ಚಪ್ಪಾಳೆ ತಟ್ಟಿದ ಒಬ್ಬನನ್ನು ಗೆದ್ದಿರಿ.

ಮತ್ತೆ ಕಚೇರಿಗೆ ಹೋದೆ. ಈ ಸಲ ಒಳಗಿನ ಕೋಣೆಯ ಅಧಿಕಾರಿ ಸಿಕ್ಕರು, ಕೂರಲು ಹೇಳಿದರು, ಮೃದುವಾದ ಮನುಷ್ಯ. ತಂತಿ ಜೋಡಿಸಿ ಸ್ವಾಮಿ ಅಂದೆ. "ಜೋಡಿಸಿದರೆ ಒಪ್ಪಂದ ಒಪ್ಪಿಕೊಂಡ ಹಾಗಾಗುತ್ತೆ ತಾಯಿ" ಅಂದರು. ಹಾಗಾದರೆ ಕಂಬವನ್ನಾದರೂ ಕೀಳಿಸಿ, ನೋಡಿ ನೋಡಿ ಜನ ಮೋಸ ಹೋಗುತ್ತಾರೆ ಅಂದೆ. ಕೀಳಬೇಕಾದರೆ ಅದು ನಮ್ಮದು ಎಂದು ದಾಖಲೆಗೆ ತೆಗೆದುಕೊಳ್ಳಬೇಕಂತೆ, ತೆಗೆದುಕೊಂಡರೆ ನೆರವು ಪಡೆದಂತೆ ಆಗುತ್ತದಂತೆ. ನಗರಸಭೆಯದೇ ಬೇರೆ ಸೈರನ್‌ಗೆ ಅರ್ಜಿ ಕೊಡಿ ಅಂದರು. ಕೊಟ್ಟೆ. ಪರಿಶೀಲನೆಯಲ್ಲಿದೆ. ಮಳೆ ಪರಿಶೀಲನೆಗೆ ಕಾಯುತ್ತದೆಯೇ ಎಂದು ಕೇಳಬೇಕೆನಿಸಿತು, ಬಾಯಿ ಬರಲಿಲ್ಲ. ಅಂಥವರ ಎದುರು ನನಗೆ ಬಾಯಿ ಬರುವುದು ಮನೆಗೆ ಬಂದ ಮೇಲೆ.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ಮತ್ತೆ ಮೋಡ ಕಟ್ಟುತ್ತಿದೆ. ಅಣ್ಣನ ಎದೆಯಲ್ಲಿ ಅವತ್ತಿನ ಕಫ ಇನ್ನೂ ಗೊರಗೊರ ಅನ್ನುತ್ತಿದೆ. ದರ್ಜಿಯದು ಒಂದೇ ಕೋಣೆ, ಮಳೆಗಾಲವಿಡೀ ಅಲ್ಲಿರಲು ಆಗದು. ಆದರೂ ಮೋಡ ಕಪ್ಪಾದಾಗಲೆಲ್ಲ ಮೇಲೆ ತಂದು ಕೂರಿಸಿ ಎಂದು ಅವನೇ ಹೇಳಿದ್ದಾನೆ. ಅಣ್ಣ ಒಪ್ಪುವುದಿಲ್ಲ. ಸೈರನ್ ಕೂಗಲಿ, ಹೋಗೋಣ ಅನ್ನುತ್ತಾನೆ. ಅದು ಕೂಗಲ್ಲ ಅಣ್ಣ, ತಂತಿ ಕತ್ತರಿಸಿದ್ದಾರೆ, ನಾನೇ ಕಣ್ಣಾರೆ ಕಂಡೆ ಅಂದರೆ, "ಇಷ್ಟೆಲ್ಲ ಆದ ಮೇಲೆ ಸರಿ ಮಾಡದೆ ಇರ್ತಾರಾ? ನಮ್ಮ ಅಧ್ಯಕ್ಷರು ಅಂಥವರಲ್ಲ. ನಿನಗೆ ಎಲ್ಲದಕ್ಕೂ ಗಾಬರಿ" ಅನ್ನುತ್ತಾನೆ. ಮೊನ್ನೆ ದರ್ಜಿ ಬಲವಂತವಾಗಿ ಎತ್ತಲು ನೋಡಿದ. ಅಣ್ಣ ಕಿಟಕಿಯ ಸರಳು ಹಿಡಿದುಕೊಂಡ. ಅವತ್ತು ಅವನ ಜೀವ ಉಳಿಸಿದ ಅದೇ ಸರಳು, ಅದೇ ಹಿಡಿತ. ನಾವು ಮೂವರು ಸೇರಿದರೂ ಬಿಡಿಸಲಾಗಲಿಲ್ಲ.

ಬದುಕಿಡೀ ಸುಮ್ಮಸುಮ್ಮನೆ ಗಾಬರಿಪಟ್ಟಿದ್ದಕ್ಕೆ ಇದು ಶಿಕ್ಷೆಯಿರಬೇಕು. ಒಮ್ಮೆ ನಿಜವಾಗಿ ಹೇಳುವಾಗ ನಂಬುವವರಿಲ್ಲ.

ಹಾಗಾಗಿ ನಾನು ತಂತಿ ಜೋಡಿಸಿ ಎಂದು ಕೇಳುವುದಿಲ್ಲ. ಒಪ್ಪಂದವನ್ನು ಒಪ್ಪಿ ಎಂದೂ ಕೇಳುವುದಿಲ್ಲ. ಅದು ನನಗೆ ಮೀರಿದ ಮಾತು. ಕೇಳುವುದು ಇಷ್ಟೇ. ಮಳೆ ಹಿಡಿಯುವ ಮೊದಲು ನೀವು ಒಮ್ಮೆ ಕಾಲುವೆ ಬೀದಿಗೆ ಬನ್ನಿ. ಕಂಬದ ಎದುರಿನ ಕೆಳಮನೆ. ಬಾಗಿಲು ತಗ್ಗು, ತಲೆ ನೋಡಿಕೊಳ್ಳಿ. ಅಣ್ಣ ಕಿಟಕಿಯ ಪಕ್ಕ ಇರುತ್ತಾನೆ. ನಿಮ್ಮನ್ನು ಕಂಡರೆ ಅವನಿಗೆ ಹಿಗ್ಗೋ ಹಿಗ್ಗು, ನನಗೆ ಚಹಾ ಮಾಡಲು ಹೇಳುತ್ತಾನೆ, ನಿಮ್ಮ ಭಾಷಣ ಹೊಗಳುತ್ತಾನೆ, ಕ್ರೇನಿನ ಕಥೆ ಶುರು ಮಾಡುತ್ತಾನೆ. ಅದರಲ್ಲಿ ಸಿಕ್ಕಿಬೀಳಬೇಡಿ. ಅವನ ಮುಖ ನೋಡಿಕೊಂಡು ಒಂದೇ ಒಂದು ಮಾತು ಹೇಳಿ ಹೋಗಿ: ಈ ಸೈರನ್ ಕೂಗುವುದಿಲ್ಲ, ನಾವು ನಿಲ್ಲಿಸಿದ್ದೇವೆ, ನಿನ್ನ ತಂಗಿ ಹೇಳುತ್ತಿರುವುದು ನಿಜ. ನೀವು ಹೇಳಿದರೆ ಅವನು ಸರಳು ಬಿಡುತ್ತಾನೆ.

ಇಂತಿ,
ನಿಮ್ಮ ನಿರ್ಣಯದ ಪ್ರತಿ ತಲುಪದ ಮನೆಯ,
ಕಂಬದ ಅಕ್ಕ