ಕಬೂಲ್

೫ ಫೆಬ್ರವರಿ, ಗುರುವಾರ

ಸಂಗಮನಾಥ ಸರ್ ನಮ್ಮಿಬ್ಬರ ಮದುವೆಯ ಮಾತೆತ್ತಿ ವಾರವಾಗಿತ್ತು, ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಶಹಾಪುರದಿಂದ ಸುರಪುರದ ಶಾಲೆಗೆ ಇಷ್ಟು ವರ್ಷ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಗಜಲ್ ಹೇಳಿಕೊಂಡು ಹೋದವರು ನಾವು. ಅವರು ಇದನ್ನು ಕೇಳಿದ್ದೂ ಕಿಟಕಿಯ ಆಚೆ ನೋಡುತ್ತಲೇ: "ನಿಮಗ ಕಬೂಲ್ ಐತೇನ್ರಿ?" ನಲವತ್ತೆಂಟಕ್ಕೆ ಇದೆಲ್ಲ ಬೇಕೇ ಅನ್ನುವ ಅಳುಕಿನಲ್ಲಿ ನಾನು ಆ ಪದವನ್ನೇ ಹಿಡಿದು ಕೂತೆ.

ಇವತ್ತು ಉರ್ದು ಟೀಚರ್ ತಸ್ನೀಮಳನ್ನು ಕೇಳಿದೆ. ಅರಬ್ಬಿಯಲ್ಲಿ ಅದರ ಬೇರಿಗೆ ಮುಂದೆ, ಎದುರು ಅನ್ನುವ ಅರ್ಥವಿದೆಯಂತೆ. ನಮಾಜಿಗೆ ಮುಖ ಮಾಡುವ ದಿಕ್ಕು ಕಿಬ್ಲಾ, ಅದೂ ಅದೇ ಬೇರಿನದು. ಒಪ್ಪುವುದೆಂದರೆ ಬಂದದ್ದನ್ನು ಎದುರುಗೊಳ್ಳುವುದು.

"ಯಾರನ್ನ ಎದುರುಗೊಳ್ಳಾಕ ಹೊಂಟೀರಿ ಅಕ್ಕಾ?" ಅಂದಳು.

"ನಿನ್ನ ಪಾಠ ನೋಡ್ಕೋ ಹೋಗವ್ವ."

ಆಮೇಲೆ ಹೊಳೆಯಿತು. ಪಕ್ಕದಲ್ಲೇ ಕೂತು ಕೂತು ನನಗೆ ಚೆನ್ನಾಗಿ ಗೊತ್ತಿರುವುದು ಸಂಗಮನಾಥ ಸರ್ ಅವರ ಒಂದು ಕಿವಿ, ಕನ್ನಡಕದ ಒಂದು ಕಡ್ಡಿ, ಅಷ್ಟೆ. ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ನಾನೇ ಕರೆದೆ, ಎದುರಿನ ಬೆಂಚಿನಲ್ಲಿ ಕೂತೆ. ಅವರ ಹುಬ್ಬುಗಳು ಒಂದೇ ಸಮ ಇಲ್ಲ. ಒಂದು ಸದಾ ಏನೋ ಕೇಳುತ್ತಿರುವಂತೆ ಮೇಲೆದ್ದಿರುತ್ತದೆ.

"ಯಾಕ್ರೀ ಹಂಗ ನೋಡಾಕತ್ತೀರಿ? ಮುಖಕ್ಕ ಏನರ ಹತ್ತೈತೇನು?"

"ಇಲ್ರಿ. ಕಬೂಲ್ ಐತಿ."

ಶಹಾಪುರದ ಬಸ್ಸು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.

ತಡ ಯಾಕಾಯಿತು ಅಂತ ಅವ್ವ ಕೇಳಿದಳು. ಬಸ್ಸು ತಪ್ಪಿತು ಅಂದೆ. "ಬಸ್ ತಪ್ಪಿದವರು ಹಿಂಗ ನಗ್ತಾರೇನು?" ಅಂದು ನನ್ನನ್ನೇ ನೋಡಿದಳು. ನಾಳೆ ಅವಳ ಎದುರೂ ಕೂರಬೇಕು. ಏನಂತ ಶುರು ಮಾಡಲಿ, ಮೊದಲು ಚಹಾ ಕೊಟ್ಟು, ಆಮೇಲೆ…